ಪಕ್ಕದವರ ಕಟ್ಟಡ, ನಮ್ಮ ಗಡಿ: ವಲಯ ನಿಯಮ ಮತ್ತು ಆಸ್ತಿ ಹಕ್ಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಊರು, ನಗರಗಳಲ್ಲಿ ನೆರೆಹೊರೆಯವರ ನಡುವೆ ಏಳುವ ಆಸ್ತಿ ತಕರಾರುಗಳನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದೆ. ನಿಮ್ಮ ಪತ್ರಗಳನ್ನು ನೋಡಿ ವಕೀಲರು ಕೊಡುವ ಸಲಹೆಗೆ ಇದು ಬದಲಿಯಲ್ಲ. ಆದರೆ ಅವರ ಬಳಿ ಹೋಗುವ ಮೊದಲು ಏನು ಕೂಡಿಸಿಟ್ಟುಕೊಳ್ಳಬೇಕು, ಯಾವುದಕ್ಕೆ ತಡಮಾಡಬಾರದು ಎಂಬುದು ಇದರಿಂದ ಗೊತ್ತಾಗುತ್ತದೆ.

ಪಕ್ಕದವರ ಜೊತೆ ತಕರಾರು ಶುರುವಾಗಿದೆ. ಮೊದಲು ಎಲ್ಲಿಗೆ ಹೋಗಬೇಕು?

ತಕರಾರು ಯಾವ ಬಗೆಯದು ಎಂದು ಮೊದಲು ತೀರ್ಮಾನಿಸಿಕೊಳ್ಳಿ. ಅವರ ಜಾಗದಲ್ಲೇ ಕಟ್ಟುತ್ತಿದ್ದಾರೆ, ಆದರೆ ಮಂಜೂರಾದ ನಕ್ಷೆ ಮೀರಿ ಅಥವಾ ಸೆಟ್‌ಬ್ಯಾಕ್ (ಕಟ್ಟಡಕ್ಕೂ ಗಡಿಗೂ ನಡುವೆ ಬಿಡಬೇಕಾದ ಖಾಲಿ ಜಾಗ) ಬಿಡದೆ ಕಟ್ಟುತ್ತಿದ್ದಾರೆ ಎಂದಾದರೆ ಅದು ಪಾಲಿಕೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಕೆಲಸ. ನಿಮ್ಮ ಜಾಗದೊಳಗೆ ಬಂದಿದ್ದಾರೆ ಎಂದಾದರೆ ಅಳತೆ ಮತ್ತು ಹಕ್ಕಿನ ಪ್ರಶ್ನೆ; ಸರ್ವೆ ಮಾಡಿಸಬೇಕು, ಕೊನೆಗೆ ಸಿವಿಲ್ ಕೋರ್ಟ್. ಜಾಗ ಅವರದೇ, ಕಟ್ಟಡವೂ ಕ್ರಮಬದ್ಧ, ಆದರೂ ನಿಮ್ಮ ದಾರಿ, ಬೆಳಕು, ನೀರು ಹೋಗುವ ಮೋರಿಗೆ ತಡೆಯಾಗಿದೆ ಎಂದಾದರೆ ಅದು ಅನುಭೋಗದ ಹಕ್ಕು (ಈಸ್‌ಮೆಂಟ್), ಅಂದರೆ ಇನ್ನೊಬ್ಬರ ಜಾಗದ ಮೇಲೆ ನಿಮಗಿರುವ ಬಳಕೆಯ ಹಕ್ಕು. 1882ರ ಈಸ್‌ಮೆಂಟ್ ಕಾಯ್ದೆ ಅದನ್ನು ನೋಡಿಕೊಳ್ಳುತ್ತದೆ. ಅದೂ ಸಿವಿಲ್ ಕೋರ್ಟಿನ ವಿಷಯವೇ.

ಹೆಚ್ಚಿನವರ ಸಮಯ ಹಾಳಾಗುವುದು ಇಲ್ಲೇ. ಒತ್ತುವರಿಯಾಗಿದೆ ಎಂದು ಪಾಲಿಕೆಗೆ ದೂರು ಕೊಟ್ಟರೆ ‘ಇದು ಸಿವಿಲ್ ವ್ಯಾಜ್ಯ’ ಎಂಬ ಹಿಂಬರಹ ಬರುತ್ತದೆ, ಅದು ಸರಿಯೂ ಹೌದು: ಜಾಗ ಯಾರದು ಎಂದು ತೀರ್ಮಾನಿಸುವ ಅಧಿಕಾರ ಪಾಲಿಕೆಗಿಲ್ಲ. ಇನ್ನೊಂದು ಕಡೆ, ಬರೀ ಸೆಟ್‌ಬ್ಯಾಕ್ ಉಲ್ಲಂಘನೆಗೆ ‘ನನ್ನ ಜಾಗ ಒತ್ತುವರಿ ಮಾಡಿದ್ದಾರೆ’ ಎಂದು ದಾವೆ ಹೂಡಿದರೆ, ಅಳತೆ ಮಾಡಿಸಿದ ದಿನವೇ ದಾವೆ ಬಿದ್ದುಹೋಗುತ್ತದೆ. ಎರಡೂ ಆಗಿದ್ದರೆ ಎರಡನ್ನೂ ಬೇರೆ ಬೇರೆ ಅರ್ಜಿಯಲ್ಲಿ, ಬೇರೆ ಬೇರೆ ಕಡೆ ಕೊಡಿ.

ಪೊಲೀಸರ ಪಾತ್ರ ಚಿಕ್ಕದು. ಕಾಂಪೌಂಡ್ ಒಡೆದರೆ, ಬೆದರಿಕೆ ಹಾಕಿದರೆ, ಅತಿಕ್ರಮ ಪ್ರವೇಶ ಮಾಡಿದರೆ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಗಡಿ ಎಲ್ಲಿದೆ ಎಂದು ಠಾಣೆಯಲ್ಲಿ ತೀರ್ಮಾನವಾಗುವುದಿಲ್ಲ.

ಪಕ್ಕದವರು ಸೆಟ್‌ಬ್ಯಾಕ್ ಬಿಡದೆ ಪಾಯ ಹಾಕುತ್ತಿದ್ದಾರೆ. ಏನು ಮಾಡಲಿ?

ಇಂದೇ ಶುರುಮಾಡಿ. ಪಾಯದ ಹಂತದಲ್ಲಿ ನಿಲ್ಲಿಸಿದ ಕೆಲಸ ಸರಿಯಾಗುತ್ತದೆ. ಎರಡು ಮೋಲ್ಡ್ (ಕಾಂಕ್ರೀಟ್ ಚಾವಣಿ) ಬಿದ್ದ ಮೇಲೆ ಯಾವ ಅಧಿಕಾರಿಯೂ, ಯಾವ ನ್ಯಾಯಾಧೀಶರೂ ಸುಲಭಕ್ಕೆ ಒಡೆಯಿರಿ ಎನ್ನುವುದಿಲ್ಲ. ‘ಕಣ್ಣೆದುರೇ ಕಟ್ಟುವಾಗ ಸುಮ್ಮನಿದ್ದು ಈಗ ಬಂದಿದ್ದೀರಿ’ ಎಂಬ ಒಂದೇ ಮಾತು ನಿಮ್ಮ ಕೇಸನ್ನು ಅರ್ಧ ಮುಗಿಸುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 41ನೇ ಕಲಮಿನಲ್ಲೇ ಸುಮ್ಮನಿದ್ದು ಒಪ್ಪಿದವರಿಗೆ ನಿರ್ಬಂಧಕಾಜ್ಞೆ (ಎದುರಿನವರನ್ನು ತಡೆಯುವ ಕೋರ್ಟ್ ಆದೇಶ) ಇಲ್ಲ ಎಂದಿದೆ.

ಮೊದಲು ಫೋಟೊ. ದಿನಾಂಕ ಕಾಣುವಂತೆ, ಅಳತೆ ಟೇಪನ್ನು ಗೋಡೆಯಿಂದ ಗಡಿಗೆ ಹಿಡಿದು, ನಿಮ್ಮ ಕಡೆಯಿಂದಲೇ ತೆಗೆಯಿರಿ. ಅವರ ಸೈಟಿಗೆ ಕಾಲಿಡಬೇಡಿ. ಮುಂದೆ ಕೋರ್ಟಿಗೆ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಮೂಲ ಫೈಲ್ ಫೋನಿನಲ್ಲೇ ಇರಲಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬೇಡಿ.

ಆಮೇಲೆ ಮಂಜೂರಾದ ನಕ್ಷೆ. ಸೆಟ್‌ಬ್ಯಾಕ್ ಎಷ್ಟಿರಬೇಕು ಎಂಬುದು ಸೈಟಿನ ಅಳತೆ, ಕಟ್ಟಡದ ಎತ್ತರ, ಮುಂದಿನ ರಸ್ತೆಯ ಅಗಲ, ಆ ಊರಿನ ವಲಯ ನಿಯಮಾವಳಿಯ ಮೇಲೆ ನಿಲ್ಲುತ್ತದೆ. ಅದಕ್ಕೇ ‘3 ಅಡಿ ಬಿಡಬೇಕು’ ಎಂಬ ಬಾಯಿಮಾತು ನಂಬಬೇಡಿ. ಚಿಕ್ಕ ಸೈಟುಗಳಲ್ಲಿ ಒಂದು ಬದಿ ಬಿಡದೇ ಇರಲೂ ಅವಕಾಶವಿರುತ್ತದೆ. ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಕ್ಷೆ, ಪರವಾನಗಿ, ಪ್ರಾರಂಭಿಕ ಪ್ರಮಾಣಪತ್ರ, ನಿಮ್ಮ ದೂರಿನ ಮೇಲಿನ ಕ್ರಮ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಅದೇ ನೆಪದಲ್ಲಿ ತಿರಸ್ಕಾರವಾಗುತ್ತದೆ. ಕಡತ ಯಾವುದೆಂದು ಹೇಳಿ ‘ಈ ಪರವಾನಗಿಯ ಕಡತದ ಪೂರ್ತಿ ಪ್ರತಿ’ ಎಂದು ಕೇಳುವುದು ಒಳ್ಳೆಯದು.

ಆದರೆ ನಕ್ಷೆ ಸಿಗುವವರೆಗೆ ದೂರನ್ನು ತಡೆಹಿಡಿಯಬೇಡಿ. ಸೈಟ್ ಸಂಖ್ಯೆ, ಖಾತಾ ಸಂಖ್ಯೆ, ಯಾವ ಬದಿಯಲ್ಲಿ ಎಷ್ಟು ಬಿಟ್ಟಿದ್ದಾರೆ, ಎಷ್ಟು ಅಂತಸ್ತು ಎಂದು ಬರೆದು, ಫೋಟೊ ಲಗತ್ತಿಸಿ ವಾರ್ಡಿನ ಸಹಾಯಕ ಎಂಜಿನಿಯರ್ ಮತ್ತು ನಗರ ಯೋಜನಾ ವಿಭಾಗ ಎರಡಕ್ಕೂ ಕೊಡಿ. ಮುದ್ರೆ, ದಿನಾಂಕ ಇರುವ ಸ್ವೀಕೃತಿ ಇಲ್ಲದ ದೂರನ್ನು ದೂರೆಂದು ಎಣಿಸಬೇಡಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗಿನ 5 ನಗರ ಪಾಲಿಕೆಗಳು ಬಂದಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಂಡೇ ಅರ್ಜಿಯ ವಿಳಾಸ ಬರೆಯಿರಿ.

ದೂರು ಕೊಟ್ಟ ಮೇಲೆ ಒಳಗೆ ಏನು ನಡೆಯುತ್ತದೆ? ಯಾಕೆ ಇಷ್ಟು ತಡ?

ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನಂಥ ಪಾಲಿಕೆಗಳಲ್ಲಿ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಪ್ರಕಾರ ಮೂರು ಹೆಜ್ಜೆ. ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸ್, ಮಾಲೀಕರ ಉತ್ತರ ನೋಡಿದ ಮೇಲೆ 321(3)ರ ಸ್ಥಿರೀಕರಣ ಆದೇಶ. ಈ ಕೊನೆಯದು ಬಾರದೆ ಒಡೆಯಲು ಬರುವುದಿಲ್ಲ. ಹಲವು ಕಡತಗಳು ತಾತ್ಕಾಲಿಕ ಆದೇಶದಲ್ಲೇ ನಿಂತುಬಿಡುತ್ತವೆ. ಆದ್ದರಿಂದ ‘ಕ್ರಮ ಕೈಗೊಳ್ಳಿ’ ಎಂದು ನೆನಪೋಲೆ ಬರೆಯುವ ಬದಲು ‘321(3)ರ ಆದೇಶ ಹೊರಡಿಸಿದ್ದೀರಾ, ಪ್ರತಿ ಕೊಡಿ’ ಎಂದು ಕೇಳಿ. ಪ್ರಶ್ನೆ ನಿಖರವಾದಷ್ಟೂ ಕಡತ ಬೇಗ ಮೇಲೇಳುತ್ತದೆ.

ಸ್ಥಿರೀಕರಣ ಆದೇಶವಾದ ಕೂಡಲೇ ಪಕ್ಕದವರು ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ ತಡೆಯಾಜ್ಞೆ ತರುವುದು ಮಾಮೂಲು. ಅಲ್ಲಿ ಎದುರುದಾರ ಪಾಲಿಕೆ ಮಾತ್ರ. ನೀವು ಮಧ್ಯಪ್ರವೇಶದ ಅರ್ಜಿ ಹಾಕಿ ಕಕ್ಷಿದಾರರಾಗದಿದ್ದರೆ ತಡೆಯಾಜ್ಞೆ ತೆರವುಗೊಳಿಸಿ ಎನ್ನಲು ಯಾರೂ ಇರುವುದಿಲ್ಲ; ಪ್ರಕರಣ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕೊಟ್ಟ ತೀರ್ಪಿನಂತೆ ಕಟ್ಟಡ ಒಡೆಯುವ ಮುನ್ನ 15 ದಿನದ ನೋಟಿಸ್ ಕೊಡಲೇಬೇಕು. ರಸ್ತೆ, ಫುಟ್‌ಪಾತ್, ಕೆರೆಯಂಥ ಸಾರ್ವಜನಿಕ ಜಾಗದಲ್ಲಿನ ಒತ್ತುವರಿಗೆ ಆ ರಕ್ಷಣೆ ಇಲ್ಲ. ಅದೇ ವರ್ಷದ ಡಿಸೆಂಬರ್ 17ರ ಇನ್ನೊಂದು ತೀರ್ಪು ನಿಮ್ಮ ಕೈ ಬಲಪಡಿಸುತ್ತದೆ: ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇಲ್ಲದೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು. ಆದ್ದರಿಂದ ದೂರಿನ ಪ್ರತಿಯನ್ನು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗ ಮತ್ತು ನೀರು ಸರಬರಾಜು ಕಚೇರಿಗೂ ಕೊಡಿ.

ಎಲ್ಲ ಕಡೆ ಸುಮ್ಮನಿದ್ದರೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ‘ಕಾಯ್ದೆ ಹೊರಿಸಿದ ಕರ್ತವ್ಯ ಮಾಡಿ’ ಎಂದು ಅಧಿಕಾರಿಗೆ ನಿರ್ದೇಶನ ಕೇಳುವುದಕ್ಕೆ ನೀವು ಮೊದಲು ಲಿಖಿತ ಮನವಿ ಕೊಟ್ಟಿರಬೇಕು. ಮೊದಲೇ ಹೇಳಿದ ಸ್ವೀಕೃತಿ ಅಲ್ಲಿ ಬೇಕಾಗುತ್ತದೆ.

ನನ್ನ ಜಾಗಕ್ಕೆ ಕೈಹಾಕಿಲ್ಲ. ನಕ್ಷೆ ಮೀರಿದರೆ ಪ್ರಶ್ನಿಸಲು ನನಗೇನು ಹಕ್ಕು?

ಇದಕ್ಕೆ ಉತ್ತರ ಕರ್ನಾಟಕದ್ದೇ ಎರಡು ಪ್ರಕರಣಗಳಲ್ಲಿದೆ. ಉಡುಪಿಯಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರವೆಂದು ಪರವಾನಗಿ ಪಡೆದ ಕಟ್ಟಡವನ್ನು ಚಿತ್ರಮಂದಿರವಾಗಿ ಬದಲಿಸಲು ಪುರಸಭೆ ಒಪ್ಪಿತು. ನಗರ ಯೋಜನೆಯ ಪ್ರಕಾರ ಅದು ವಸತಿ ಪ್ರದೇಶ. ಅಲ್ಲಿನ ನಿವಾಸಿಯೊಬ್ಬರು ಪ್ರಶ್ನಿಸಿದರು. ವಸತಿ ಪ್ರದೇಶದಲ್ಲಿನ ಅಕ್ರಮ ಕಟ್ಟಡ ಅಲ್ಲಿ ವಾಸಿಸುವವರ ಆಸ್ತಿಯ ಅನುಭೋಗಕ್ಕೆ ನೇರವಾಗಿ ಪೆಟ್ಟು ಕೊಡುತ್ತದೆ, ಯೋಜನೆಯನ್ನು ಪಾಲಿಸುವಂತೆ ಕೇಳಲು ಅವರಿಗೆ ಹಕ್ಕಿದೆ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆ. ರಾಮದಾಸ ಶೆಣೈ ಪ್ರಕರಣ ಎಂದು ಇವತ್ತಿಗೂ ವಕೀಲರು ಉಲ್ಲೇಖಿಸುವುದು ಇದನ್ನೇ. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಅದೇ ಕೋರ್ಟ್ ರದ್ದು ಮಾಡಿತು. ಅಲ್ಲೂ ಹೋರಾಡಿದವರು ಸುತ್ತಲಿನ ನಿವಾಸಿಗಳೇ.

‘ನಿಮಗೇನ್ರೀ ಸಂಬಂಧ?’ ಎಂದು ಯಾರಾದರೂ ಕೇಳಿದರೆ ಈ ಎರಡು ತೀರ್ಪುಗಳನ್ನು ಅರ್ಜಿಯಲ್ಲೇ ಬರೆದುಕೊಡಿ.

ಅಕ್ರಮ-ಸಕ್ರಮದಲ್ಲಿ ಸರಿಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಆಗುತ್ತದೆಯೇ?

ಕಟ್ಟಡ ಉಲ್ಲಂಘನೆಗಳನ್ನು ಸಕ್ರಮಗೊಳಿಸುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ‘ದಂಡ ಕಟ್ಟುತ್ತೇವೆ’ ಎಂಬುದು ನಿಮ್ಮ ದೂರನ್ನು ಹಿಂತೆಗೆಯಲು ಕಾರಣವಾಗಬಾರದು.

ವಸತಿ ಬೀದಿಯಲ್ಲಿ ಪಕ್ಕದವರು ಅಂಗಡಿ, ಪಿಜಿ, ವರ್ಕ್‌ಶಾಪ್ ತೆರೆದಿದ್ದಾರೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಪ್ರತಿ ಯೋಜನಾ ಪ್ರದೇಶಕ್ಕೂ ಒಂದು ಮಹಾಯೋಜನೆ ಇರುತ್ತದೆ. ಅದರ ನಕ್ಷೆಯಲ್ಲಿ ನಿಮ್ಮ ಬೀದಿಯ ಬಣ್ಣ ನೋಡಿ. ಹಳದಿ ಸಾಮಾನ್ಯವಾಗಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ‘ವಸತಿ ವಲಯ’ ಎಂದರೆ ಅಂಗಡಿಯೇ ಇರಬಾರದು ಎಂದಲ್ಲ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ಮುಖ್ಯ ವಸತಿ ವಲಯದಲ್ಲಿ ಕಟ್ಟಡದ ವಿಸ್ತೀರ್ಣದ ಶೇ 20 ಅಥವಾ 50 ಚದರ ಮೀಟರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟರಲ್ಲಿ ಪೂರಕ ಬಳಕೆಗೆ ಅವಕಾಶವಿದೆ. ಟೈಲರ್ ಅಂಗಡಿ ಮೇಲೆ ದೂರು ಕೊಡುವ ಮೊದಲು ಈ ಲೆಕ್ಕ ಹಾಕಿ. ನೆಲಮಹಡಿ ಪೂರ್ತಿ ವೆಲ್ಡಿಂಗ್ ಶಾಪ್ ಆಗಿದ್ದರೆ ಮಾತು ಬೇರೆ.

ಪಿಜಿಯ ವಿಷಯದಲ್ಲಿ ವಲಯಕ್ಕಿಂತ ವ್ಯಾಪಾರ ಪರವಾನಗಿಯ ಷರತ್ತು ಬೇಗ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ 2024ರಲ್ಲಿ ಬಂದ ಮಾರ್ಗಸೂಚಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ, ದಿನಕ್ಕೆ 135 ಲೀಟರ್ ನೀರು ಎಂದು ನಿಗದಿ ಮಾಡಿದೆ. ಎಷ್ಟು ಮಂಚ, ಎಷ್ಟು ಕೋಣೆ ಎಂಬ ಅಂದಾಜು ಬರೆದು ಆರೋಗ್ಯ ವಿಭಾಗಕ್ಕೆ ದೂರು ಕೊಡಿ.

ಕೃಷಿ ಜಮೀನಿನ ಪಕ್ಕ ಗೋದಾಮು ಏಳುತ್ತಿದ್ದರೆ ಎರಡು ಪತ್ರ ಕೇಳಿ: 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಭೂ ಪರಿವರ್ತನೆ ಆದೇಶ ಮತ್ತು ಯೋಜನಾ ಪ್ರಾಧಿಕಾರದ ಒಪ್ಪಿಗೆ. ವಸತಿಗೆಂದು ಪರಿವರ್ತನೆಯಾದ ಜಾಗದಲ್ಲಿ ಗೋದಾಮು ಕಟ್ಟಿರುವುದು ಕಡತ ತೆರೆದಾಗಲೇ ಗೊತ್ತಾಗುತ್ತದೆ. ಇನ್ನು ವಲಯವನ್ನೇ ಬದಲಿಸಲು ಅರ್ಜಿ ಹಾಕಿದ್ದರೆ ಪ್ರಾಧಿಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಟ್ಟವರ ಮಾತಿಗೆ ಮುಂದೆ ತೂಕ ಜಾಸ್ತಿ.

ಕಾಂಪೌಂಡ್ ನಮ್ಮ ಕಡೆ ಬಂದಿದೆ ಅನಿಸುತ್ತಿದೆ. ಸರ್ವೆಗೆ ಮೊದಲು ನಾವೇ ನೋಡಬಹುದೇ?

ನೋಡಬಹುದು, ನೋಡಲೇಬೇಕು. 30×40 ಸೈಟಿನ ನಾಲ್ಕು ಬದಿ ಅಳೆದರೆ ಸಾಲದು, ಕರ್ಣಗಳನ್ನೂ ಅಳೆಯಿರಿ. ಮೂಲೆಗಳು ನೇರವಾಗಿದ್ದರೆ ಎರಡೂ ಕರ್ಣ ಸರಿಯಾಗಿ 50 ಅಡಿ ಬರಬೇಕು. ಒಂದು 50 ಅಡಿ 8 ಇಂಚು, ಇನ್ನೊಂದು 49 ಅಡಿ 4 ಇಂಚು ಬಂದರೆ ಬದಿಗಳ ಅಳತೆ ಸರಿಯಿದ್ದೂ ಸೈಟು ಓರೆಯಾಗಿದೆ ಎಂದರ್ಥ. ಯಾರೋ ಒಬ್ಬರ ಮೂಲೆಕಲ್ಲು ಸರಿದಿದೆ. 30×50ಕ್ಕೆ ಕರ್ಣ 58 ಅಡಿ 4 ಇಂಚಿನ ಹತ್ತಿರ, 40×60ಕ್ಕೆ 72 ಅಡಿ 1 ಇಂಚಿನ ಮೇಲೆ ಸ್ವಲ್ಪ.

ನಿಮ್ಮ ಸೈಟೊಂದನ್ನೇ ಅಳೆದು ನಿಲ್ಲಿಸಬೇಡಿ. ರಸ್ತೆ ಮೂಲೆಯಿಂದ ಸಾಲಿನ ಎಲ್ಲ ಸೈಟುಗಳ ಮುಂಭಾಗ ಅಳೆದು ಬಡಾವಣೆ ನಕ್ಷೆಯ ಜೊತೆ ಹೋಲಿಸಿ. ಮೊದಲನೆಯವರು ರಸ್ತೆ ಬದಿಗೆ 1 ಅಡಿ ಬಿಟ್ಟು ಕಟ್ಟಿದ್ದರೆ ಸಾಲು ಪೂರ್ತಿ 1 ಅಡಿ ಸರಿದಿರುತ್ತದೆ. ಪಕ್ಕದವರು ನಿಮ್ಮ ಜಾಗಕ್ಕೆ ಬಂದಿದ್ದಾರೆ ಅನಿಸಿದ್ದು, ನೀವೂ ಮುಂದಿನವರ ಜಾಗದಲ್ಲಿದ್ದೀರಿ ಎಂದು ತಿರುಗಬಹುದು. ಜಗಳಕ್ಕೆ ಮೊದಲು ಇದು ಗೊತ್ತಾಗುವುದು ಒಳ್ಳೆಯದು.

ಗೋಡೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 9 ಇಂಚಿನ ಗೋಡೆಯನ್ನು ಗಡಿರೇಖೆ ಮಧ್ಯಕ್ಕೆ ಬರುವಂತೆ ಕಟ್ಟಿದರೆ 4½ ಇಂಚು ನಿಮ್ಮ ಕಡೆ. 40 ಅಡಿ ಉದ್ದಕ್ಕೆ 15 ಚದರ ಅಡಿ. ಒಪ್ಪಿ ಕಟ್ಟಿದ್ದರೆ ಅದು ಜಂಟಿ ಗೋಡೆ, ಇಬ್ಬರಿಗೂ ಸೇರಿದ್ದು, ಒಬ್ಬರೇ ಒಡೆಯುವಂತಿಲ್ಲ. ಒಪ್ಪದೇ ಕಟ್ಟಿದ್ದರೆ ಒತ್ತುವರಿ. ಈ ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳದವರೇ ಜಾಸ್ತಿ. ಮನೆ ಮಾರಾಟವಾಗಿ ಹೊಸಬರು ಬಂದ ದಿನ ಜಗಳ ಹುಟ್ಟುತ್ತದೆ.

ಹದ್ದುಬಸ್ತು ಹೇಗೆ ಮಾಡಿಸುವುದು?

ಹದ್ದುಬಸ್ತು ಎಂದರೆ ಸರ್ಕಾರಿ ಭೂಮಾಪಕರು ಜಮೀನು ಅಳೆದು ಗಡಿ ಗುರುತಿಸುವುದು. ಸರ್ವೆ ನಂಬರ್ ಇರುವ ಜಮೀನಿಗೆ ನಾಡಕಚೇರಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯ ಮೂಲಕ ಅರ್ಜಿ ಹಾಕಿ. ಪಹಣಿ ಬೇಕು, ಅದರ ಜೊತೆ ಟಿಪ್ಪಣಿ (ಮೂಲ ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮನಕ್ಷೆ ನೀವೇ ತೆಗೆದು ಓದಿಟ್ಟುಕೊಳ್ಳಿ. ಭೂಮಾಪಕರು ಅಕ್ಕಪಕ್ಕದ ಎಲ್ಲ ಹಿಡುವಳಿದಾರರಿಗೂ ನೋಟಿಸ್ ಕೊಟ್ಟೇ ಅಳೆಯಬೇಕು. ನೋಟಿಸ್ ತಲುಪದೆ ನಡೆದ ಅಳತೆಯನ್ನು ಎದುರಿನವರು ಒಂದೇ ಅರ್ಜಿಯಲ್ಲಿ ರದ್ದು ಮಾಡಿಸುತ್ತಾರೆ. ಅದಕ್ಕಾಗಿ ಎಲ್ಲ ಬಾಜುದಾರರ ಈಗಿನ ಹೆಸರು, ವಿಳಾಸ ನೀವೇ ಸರಿಯಾಗಿ ಕೊಡಿ. ಪಹಣಿಯಲ್ಲಿ ತೀರಿಹೋದವರ ಹೆಸರಿದ್ದರೆ ವಾರಸುದಾರರದನ್ನೂ ಬರೆಯಿರಿ.

ಹಳೆಯ ಟಿಪ್ಪಣಿಗಳ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. 1 ಸರಪಳಿ 33 ಅಡಿ, 16 ಆಣೆ. ಹಾಗಾಗಿ 1 ಆಣೆ 2 ಅಡಿ ¾ ಇಂಚು. 1 ಗುಂಟೆ 33×33, ಅಂದರೆ 1,089 ಚದರ ಅಡಿ, 40 ಗುಂಟೆಗೆ 1 ಎಕರೆ. ಈ ಪದ್ಧತಿಯಲ್ಲಿ ಒಂದೆರಡು ಅಡಿಯ ವ್ಯತ್ಯಾಸ ಬರುವುದು ಸಹಜ. ಅರ್ಧ ಅಡಿ ಬದುವಿಗಾಗಿ ಹದ್ದುಬಸ್ತು ಮಾಡಿಸಿದರೆ ಇಬ್ಬರಿಗೂ ಸಮಾಧಾನವಾಗುವ ಉತ್ತರ ಸಿಗುವುದಿಲ್ಲ.

ಅಳತೆ ಒಪ್ಪದಿದ್ದರೆ ಸ್ಥಳದಲ್ಲೇ ಕಲ್ಲು ಕೀಳಬೇಡಿ. ಪಂಚನಾಮೆಯಲ್ಲಿ ಆಕ್ಷೇಪ ಬರೆಸಿ, ಪ್ರತಿ ಪಡೆದು ಭೂದಾಖಲೆಗಳ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ ಹೋಗಿ.

ಖಾತೆ, ಪಹಣಿ ನನ್ನ ಹೆಸರಿನಲ್ಲಿದೆ. ಅಷ್ಟು ಸಾಲದೇ?

ಸಾಲದು. ಖಾತೆ ತೆರಿಗೆ ವಸೂಲಿಯ ದಾಖಲೆ. ಪಹಣಿಯ ನಮೂದು ಸರಿಯೆಂದು ಭೂ ಕಂದಾಯ ಕಾಯ್ದೆಯ 133ನೇ ಕಲಂ ಭಾವಿಸುತ್ತದೆ, ಆದರೆ ತಪ್ಪೆಂದು ತೋರಿಸುವವರೆಗೆ ಮಾತ್ರ. ಹಕ್ಕು ನಿಲ್ಲುವುದು ನೋಂದಾಯಿತ ಕ್ರಯಪತ್ರ, ವಿಭಾಗಪತ್ರ, ದಾನಪತ್ರದ ಮೇಲೆ. ಅದರಲ್ಲೂ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿ. ಪತ್ರದಲ್ಲಿ ‘30×40’ ಎಂದಿದ್ದು, ಚಕ್ಕುಬಂದಿಯ ಒಳಗೆ 31 ಅಡಿ ಸಿಕ್ಕರೆ ಸಾಮಾನ್ಯವಾಗಿ ನ್ಯಾಯಾಲಯಗಳು ಅಳತೆಗಿಂತ ಚಕ್ಕುಬಂದಿಗೆ ಬೆಲೆ ಕೊಡುತ್ತವೆ. ಪಕ್ಕದವರ ಪತ್ರದಲ್ಲೂ ಅದೇ ಗಡಿ ಹೇಗೆ ಬರೆದಿದೆ ಎಂದು ಉಪನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ತೆಗೆಸಿ ನೋಡಿ. ಅವರ ಪತ್ರವೇ ನಿಮ್ಮ ದೊಡ್ಡ ಸಾಕ್ಷಿಯಾಗಬಹುದು.

‘12 ವರ್ಷದಿಂದ ಇದ್ದೇವೆ, ಜಾಗ ನಮ್ಮದೇ’ ಎನ್ನುತ್ತಾರೆ.

ಬರೀ 12 ವರ್ಷ ಇದ್ದರೆ ಹಕ್ಕು ಬಾರದು. ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ, ಬಲಾತ್ಕಾರವಿಲ್ಲದೆ ಅನುಭವದಲ್ಲಿದ್ದೆವು ಎಂದು ಅವರೇ ತೋರಿಸಬೇಕು. ಎಂದಿನಿಂದ ಎಂಬ ದಿನಾಂಕವನ್ನೂ ಹೇಳಬೇಕು. ನೀವು ಒಪ್ಪಿ ಬಿಟ್ಟದ್ದಾದರೆ ಎಷ್ಟು ವರ್ಷವಾದರೂ ಅದು ಪ್ರತಿಕೂಲ ಸ್ವಾಧೀನವಾಗದು. ಸರ್ಕಾರಿ ಜಾಗಕ್ಕೆ 30 ವರ್ಷ. ಆದರೆ ಎಚ್ಚರ: ಇದೆಲ್ಲ ರುಜುವಾತಾದರೆ ನಿಮ್ಮ ಹಕ್ಕೇ ನಂದಿಹೋಗುತ್ತದೆ, ಅವರೇ ವಾದಿಯಾಗಿಯೂ ದಾವೆ ಹೂಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರು ಬಿಟ್ಟು ಬೆಂಗಳೂರಿನಲ್ಲೋ ದುಬೈನಲ್ಲೋ ಇರುವವರು ವರ್ಷಕ್ಕೊಮ್ಮೆಯಾದರೂ ಗಡಿ ನೋಡಿ, ಫೋಟೊ ತೆಗೆದು, ಕಂದಾಯ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಹೊಸ ಕಟ್ಟಡದಿಂದ ನಮ್ಮ ಮನೆಗೆ ಬೆಳಕು, ಗಾಳಿ ನಿಂತುಹೋಗಿದೆ.

ನಿಮ್ಮ ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನಂತೆ ಹಕ್ಕು ಕೇಳಬಹುದು. ಮೊದಲಿನಷ್ಟು ಬೆಳಕಿಲ್ಲ ಎಂದರೆ ಸಾಲದು. ಮನೆಯಲ್ಲಿ ನೆಮ್ಮದಿಯಾಗಿ ಬಾಳಲು ಅಥವಾ ಅಲ್ಲಿ ಮಾಡುತ್ತಿದ್ದ ಕಸುಬಿಗೆ ಗಣನೀಯ ತೊಂದರೆಯಾಗಿರಬೇಕು. ಖಾಲಿ ಹಿತ್ತಲಿಗೆ ಬೀಳುವ ಬಿಸಿಲಿಗೆ ಈ ಹಕ್ಕು ಇಲ್ಲವೇ ಇಲ್ಲ. 8 ವರ್ಷದ ಮನೆಗೆ ಈ ದಾರಿ ಮುಚ್ಚಿದೆ ಎಂದೇ ತಿಳಿಯಿರಿ, ಸೆಟ್‌ಬ್ಯಾಕ್ ಉಲ್ಲಂಘನೆಯ ದೂರನ್ನೇ ಗಟ್ಟಿಯಾಗಿ ಹಿಡಿಯಿರಿ.

ಅವರ ಕಿಟಕಿ ನಿಮ್ಮ ಬಚ್ಚಲಿನತ್ತ ತೆರೆದಿದ್ದರೆ? ಅಂಥ ಕಿಟಕಿ ತೆರೆಯಬಾರದೆಂಬ ಸ್ಥಳೀಯ ರೂಢಿ ಸಾಬೀತಾದರೆ ಮಾತ್ರ ಖಾಸಗಿತನದ ಅನುಭೋಗ ಹಕ್ಕು ಬರುತ್ತದೆ, ಅದು ಕಷ್ಟ. ಮಂಜೂರಾದ ನಕ್ಷೆಯಲ್ಲಿ ಆ ಕಿಟಕಿ ಇದೆಯೇ ಎಂದು ನೋಡುವುದು ಸುಲಭ. ಸಿಸಿಟಿವಿ ಕ್ಯಾಮೆರಾ ಮಲಗುವ ಕೋಣೆ, ಬಚ್ಚಲಿನ ಕಡೆ ತಿರುಗಿದ್ದರೆ ತಡಮಾಡದೆ ಪೊಲೀಸರಿಗೆ ಲಿಖಿತ ದೂರು ಕೊಡಿ.

ಅವರ ಚಾವಣಿ ನೀರು ನಮ್ಮ ಗೋಡೆಗೆ ಬೀಳುತ್ತದೆ.

ಮೇಲಿನ ಜಮೀನಿನಿಂದ ಮಳೆನೀರು ಸಹಜವಾಗಿ ಇಳಿದು ಬಂದರೆ ಕೆಳಗಿನವರು ತಡೆಯುವಂತಿಲ್ಲ. ಚಾವಣಿ ನೀರು ಹಾಗಲ್ಲ. ಅದನ್ನು ಕೂಡಿಸಿ ಪೈಪಿನಲ್ಲೋ ಸಜ್ಜದ ತುದಿಯಿಂದಲೋ ನಿಮ್ಮ ಜಾಗಕ್ಕೆ ಸುರಿಸಲು ಅವರಿಗೆ 20 ವರ್ಷದ ಅನುಭೋಗ ಅಥವಾ ಬರಹದ ಒಪ್ಪಿಗೆ ಬೇಕು. ಸಜ್ಜವೇ ಗಡಿ ದಾಟಿದ್ದರೆ, ನೆಲ ಮುಟ್ಟದಿದ್ದರೂ, ಅದು ಒತ್ತುವರಿಯೇ.

ಬೇಸ್‌ಮೆಂಟ್‌ಗೆ ಮಣ್ಣು ತೆಗೆಯುತ್ತಿದ್ದಾರೆ, ನಮ್ಮ ಗೋಡೆ ಬಿರುಕು ಬಿಟ್ಟಿದೆ.

ನಿಮ್ಮ ನೆಲಕ್ಕೆ ಪಕ್ಕದ ಮಣ್ಣಿನ ಆಸರೆ ಸಹಜ ಹಕ್ಕು. ಆದರೆ ಕಾಯ್ದೆ ಆ ಹಕ್ಕನ್ನು ಕಟ್ಟಡದ ಭಾರವಿಲ್ಲದ ನೆಲಕ್ಕೆ ಕೊಡುತ್ತದೆ; ಮನೆಯ ಭಾರಕ್ಕೂ ಆಸರೆ ಬೇಕೆಂದರೆ 20 ವರ್ಷದ ಅನುಭೋಗ, ಇಲ್ಲವೇ ಅವರ ನಿರ್ಲಕ್ಷ್ಯ ತೋರಿಸಬೇಕು. ನಿರ್ಲಕ್ಷ್ಯ ತೋರಿಸುವುದು ದಾಖಲೆಯ ಕೆಲಸ. ಪಕ್ಕದ ಸೈಟಿಗೆ ಜೆಸಿಬಿ ಬರುವ ಸುದ್ದಿ ಸಿಕ್ಕಾಗಲೇ ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೊ, ವಿಡಿಯೊ ತೆಗೆದಿಡಿ. ಇಲ್ಲವಾದರೆ ‘ಹಳೇ ಬಿರುಕು’ ಎಂಬ ವಾದಕ್ಕೆ ಉತ್ತರವಿಲ್ಲ. ಬಿರುಕು ಬಂದ ಮೇಲೆ ಅದರ ಎರಡು ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿಯನ್ನು ಸಿಮೆಂಟ್‌ನಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಆಗ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ವರದಿ ಪಡೆದು, ತಡೆಗೋಡೆ ಅಥವಾ ಆಸರೆ ಹಾಕದೆ ಅಗೆಯಬಾರದೆಂದು ಪಾಲಿಕೆಗೂ ಮಾಲೀಕರಿಗೂ ನೋಟಿಸ್ ಕೊಡಿ. ಮಳೆಗಾಲದಲ್ಲಿ ಆಸರೆಯಿಲ್ಲದ ಗುಂಡಿ ಪಕ್ಕದಲ್ಲಿದ್ದರೆ ಆ ಬದಿಯ ಕೋಣೆಯಲ್ಲಿ ಮಲಗಬೇಡಿ.

ಪಕ್ಕದವರ ಮರದ ಕೊಂಬೆ ನಮ್ಮ ಕಡೆ ಬಾಗಿದೆ.

ಗಡಿ ದಾಟಿದ ಕೊಂಬೆ, ಬೇರು ಕತ್ತರಿಸುವ ಹಕ್ಕನ್ನು ನ್ಯಾಯಾಲಯಗಳು ಒಪ್ಪಿವೆ, ಅವರ ಜಾಗಕ್ಕೆ ಹೋಗದೆ. ಹಾಗೆಂದು ಕೊಡಲಿ ಎತ್ತಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರಕ್ಕೆ ಹಾನಿ ಮಾಡುವುದನ್ನೂ ಕಡಿಯುವುದರ ಜೊತೆಗೇ ಸೇರಿಸುತ್ತದೆ. ವೃಕ್ಷಾಧಿಕಾರಿಗೆ ಅರ್ಜಿ ಹಾಕಿ ಅನುಮತಿ ಪಡೆಯಿರಿ. ತೆಂಗು, ನೀಲಗಿರಿ, ಸರ್ವೆಯಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಕಡಿದ ಕೊಂಬೆ, ಅದರ ಹಣ್ಣು ಮರದ ಒಡೆಯರದು.

ಹೊಲಕ್ಕೆ ಹೋಗುವ ದಾರಿ ಮುಚ್ಚಿದ್ದಾರೆ.

ಗ್ರಾಮನಕ್ಷೆ ತೆಗೆಸಿ. ಜೋಡಿಗೆರೆ ಬಂಡಿದಾರಿ, ಒಂಟಿ ಚುಕ್ಕಿಗೆರೆ ಕಾಲುದಾರಿ. ನಕ್ಷೆಯಲ್ಲಿ ಕಂಡ ದಾರಿಯನ್ನು ಯಾರೂ ಮುಚ್ಚುವಂತಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ತೆರವು ಮಾಡಿಸಬೇಕು. ನಕ್ಷೆಯಲ್ಲಿಲ್ಲದ ರೂಢಿದಾರಿಯ ವಿಷಯದಲ್ಲಿ ಜಗಳ ಶಾಂತಿಭಂಗಕ್ಕೆ ತಿರುಗುವಂತಿದ್ದರೆ ತಹಶೀಲ್ದಾರರು ದಂಡಾಧಿಕಾರಿಯಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಡಿ ವಿಚಾರಣೆ ಮಾಡಬಹುದು. ಉಳುಮೆ, ಕಟಾವಿನ ಕಾಲಕ್ಕೆ ಮಾತ್ರ ಬಳಸುವ ದಾರಿಯಾದರೆ ಕೊನೆಯ ಹಂಗಾಮಿನಲ್ಲಿ ಬಳಸಿದ್ದನ್ನು ತೋರಿಸಬೇಕಾಗುತ್ತದೆ. ಅರ್ಜಿಯನ್ನು ಮುಂದಿನ ಸುಗ್ಗಿಗೆ ಮುಂದೂಡಬೇಡಿ.

ಇದು ಶಾಶ್ವತ ತೀರ್ಮಾನವಲ್ಲ. ಶಾಶ್ವತ ಹಕ್ಕಿಗೆ ಸಿವಿಲ್ ಕೋರ್ಟಿನಲ್ಲಿ ಎರಡರಲ್ಲೊಂದು ತೋರಿಸಬೇಕು. ಒಂದು, 20 ವರ್ಷ ಹಕ್ಕಿನಿಂದ, ಬಹಿರಂಗವಾಗಿ ನಡೆದಾಡಿದ್ದು, ಮತ್ತು ಆ ಅವಧಿ ದಾವೆಗೆ ಹಿಂದಿನ 2 ವರ್ಷದೊಳಗೆ ಮುಗಿದಿರುವುದು. ದಾರಿ ಮುಚ್ಚಿ 3 ವರ್ಷವಾದ ಮೇಲೆ ಬಂದವರು ಸೋಲುವುದು ಈ 2 ವರ್ಷದ ನಿಯಮದಿಂದ. ಎರಡು, ಅನಿವಾರ್ಯತೆ: ಎರಡೂ ಜಮೀನು ಮೊದಲು ಒಬ್ಬರದೇ ಆಗಿದ್ದು, ಪಾಲಾದಾಗ ಅಥವಾ ಮಾರಾಟವಾದಾಗ ನಿಮ್ಮದಕ್ಕೆ ಬೇರೆ ದಾರಿಯೇ ಇಲ್ಲದಂತಾಗಿರಬೇಕು. ಸುತ್ತು ದಾರಿ ಇದ್ದರೂ ಅನಿವಾರ್ಯತೆ ಇಲ್ಲ. ಅಣ್ಣತಮ್ಮಂದಿರು ವಿಭಾಗಪತ್ರ ಬರೆಸುವಾಗಲೇ ‘ಇಂಥ ಬದುವಿನ ಮೇಲೆ 10 ಅಡಿ ದಾರಿ’ ಎಂದು ಸೇರಿಸಿದರೆ ಇದ್ಯಾವುದೂ ಬೇಕಾಗುವುದಿಲ್ಲ.

ಪಕ್ಕದ ಬೋರ್‌ವೆಲ್‌ನಿಂದ ನಮ್ಮದು ಬತ್ತಿತು. ಅವರ ಸೋಕ್‌ಪಿಟ್ ಬಾವಿಯ ಹತ್ತಿರ ಇದೆ.

ಬೋರ್‌ವೆಲ್ ವಿಷಯದಲ್ಲಿ ಪಕ್ಕದವರ ಮೇಲೆ ದಾವೆ ಗೆಲ್ಲುವುದು ತೀರಾ ಕಷ್ಟ. ಗೊತ್ತಾದ ಕಾಲುವೆಯಲ್ಲಿ ಹರಿಯದ ಅಂತರ್ಜಲಕ್ಕೆ ಬಳಕೆಯಿಂದ ಹಕ್ಕು ಬಾರದು. ಅಧಿಸೂಚಿತ ತಾಲ್ಲೂಕುಗಳಲ್ಲಿ ಅಂತರ್ಜಲ ಪ್ರಾಧಿಕಾರದ ಅನುಮತಿ ಪಡೆದಿದ್ದಾರೆಯೇ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆದಿದ್ದಾರೆಯೇ ಎಂದು ನೋಡಿ. ಸೋಕ್‌ಪಿಟ್‌ಗೆ, ಅಂದರೆ ಕೊಳಚೆ ನೀರು ಇಂಗುವ ಗುಂಡಿಗೆ, ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಎಂಬುದು ಭಾರತೀಯ ಮಾನಕ. ನೀರಿನ ಪರೀಕ್ಷಾ ವರದಿ ಜೊತೆಗಿದ್ದರೆ ದೂರಿಗೆ ಬಲ.

ಶಬ್ದ?

2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ 112ಕ್ಕೆ ಕರೆ ಮಾಡಿ, ಕರೆಯ ವೇಳೆ ಬರೆದಿಡಿ.

ಕೋರ್ಟಿಗೆ ಹೋಗುವುದಾದರೆ ಏನೇನು ಕೇಳಬೇಕು?

ಕಟ್ಟುವುದನ್ನು ನಿಲ್ಲಿಸಲು ಶಾಶ್ವತ ನಿರ್ಬಂಧಕಾಜ್ಞೆ, ಕಟ್ಟಿದ್ದನ್ನು ತೆಗೆಸಲು ಆದೇಶಾತ್ಮಕ ನಿರ್ಬಂಧಕಾಜ್ಞೆ, ಜಾಗ ವಾಪಸು ಪಡೆಯಲು ಸ್ವಾಧೀನದ ಪರಿಹಾರ. ಎದುರಿನವರು ನಿಮ್ಮ ಹಕ್ಕನ್ನೇ ಗಂಭೀರವಾಗಿ ಅಲ್ಲಗಳೆದಿದ್ದರೆ ಹಕ್ಕು ಘೋಷಣೆಯನ್ನೂ ಕೇಳಲೇಬೇಕು. ಕೋರ್ಟ್ ಶುಲ್ಕ ಉಳಿಸಲು ಬರೀ ನಿರ್ಬಂಧಕಾಜ್ಞೆ ಕೇಳಿ, ಹತ್ತು ವರ್ಷದ ಮೇಲೆ ‘ಘೋಷಣೆ ಕೇಳಿಲ್ಲ’ ಎಂಬ ಕಾರಣಕ್ಕೆ ಸೋತ ದಾವೆಗಳು ಬಹಳ. ಬಲವಂತವಾಗಿ ಹೊರಹಾಕಿದ್ದರೆ 6 ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ದಾವೆ ಹೂಡಿ. ಅಲ್ಲಿ ಹಕ್ಕಿನ ವಿಚಾರಣೆ ಇಲ್ಲ.

ಒತ್ತುವರಿಯ ದಾವೆಯಲ್ಲಿ ಅಳತೆಗೆ ಕೋರ್ಟ್ ಕಮಿಷನರ್ (ಸ್ಥಳಕ್ಕೆ ಹೋಗಿ ವರದಿ ಕೊಡಲು ಕೋರ್ಟ್ ಕಳಿಸುವವರು) ನೇಮಕ ಕೇಳಿ. ದಾವೆಗೆ ಲಗತ್ತಿಸುವ ಚಿತ್ರದಲ್ಲಿ ಒತ್ತುವರಿ ಭಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಿ ಅದರ ನಾಲ್ಕೂ ಬದಿಯ ಅಳತೆ, ಚಕ್ಕುಬಂದಿ ಬರೆಯಿರಿ. ‘ಸುಮಾರು 2 ಅಡಿ’ ಎಂದು ಬರೆದ ದಾವೆಯಲ್ಲಿ ಡಿಕ್ರಿ ಸಿಕ್ಕರೂ ಅಮಲ್ಜಾರಿ ಮಾಡಲಾಗದು. ಎದುರಿನವರು ನಿಮಗೆ ಗೊತ್ತಾಗದಂತೆ ತಡೆಯಾಜ್ಞೆ ತರಬಹುದೆಂಬ ಅನುಮಾನವಿದ್ದರೆ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹಾಕಿ. ಅದಕ್ಕೆ 90 ದಿನ ಆಯಸ್ಸು, ಮುಗಿಯುವ ಮುನ್ನ ಹೊಸದು ಹಾಕಬೇಕು.

ರಾಜಿ ಮಾಡಿಕೊಂಡರೆ ಹೇಗೆ ಬರೆಸಬೇಕು?

ಪಕ್ಕದಲ್ಲೇ ಬಾಳಬೇಕಾದವರಿಗೆ ರಾಜಿಯೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಬಾಯಿಮಾತಿನ ರಾಜಿ ಬೇಡ. ದಾವೆ ಹೂಡುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಮುಗಿಸಬಹುದು. ಅಲ್ಲಿನ ತೀರ್ಪು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ದಾವೆ ನಡೆಯುತ್ತಿದ್ದರೆ ರಾಜಿ ಅರ್ಜಿಗೆ ಅಳತೆ ಇರುವ ಚಿತ್ರ ಸೇರಿಸಿ, ಇಬ್ಬರೂ ಪ್ರತಿ ಪುಟಕ್ಕೂ ಸಹಿ ಹಾಕಿ.

ದಾರಿಯನ್ನೋ ನೀರಿನ ಪೈಪನ್ನೋ ಬರೀ ಸ್ನೇಹಕ್ಕೆ ಬಿಡುತ್ತಿದ್ದರೆ ‘ಅನುಮತಿಯ ಮೇಲೆ ಬಿಟ್ಟಿದೆ, ಕೇಳಿದಾಗ ಹಿಂತೆಗೆಯಬಹುದು’ ಎಂದು ಬರೆಸಿ ಸಹಿ ಪಡೆಯಿರಿ. ಅನುಮತಿಯಿಂದ ನಡೆದದ್ದು 20 ವರ್ಷವಾದರೂ ಹಕ್ಕಾಗುವುದಿಲ್ಲ. ಶಾಶ್ವತವಾಗಿ ಬಿಡುವುದಾದರೆ, ಅಥವಾ ಗಡಿ ಸರಿಪಡಿಸಲು 2 ಅಡಿ ಜಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಾದರೆ, ಛಾಪಾ ಕಾಗದದ ಒಪ್ಪಂದ ಸಾಲದು, ನೋಂದಣಿಯಾಗಬೇಕು. ಕೃಷಿ ಜಮೀನಾದರೆ ಅದಕ್ಕೆ ಮೊದಲು 11ಇ ನಕ್ಷೆ (ವರ್ಗಾಯಿಸುವ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಬೇಕು. ಕೋರ್ಟಿನ ರಾಜಿ ಡಿಕ್ರಿಯಲ್ಲೂ ದಾವೆಯಲ್ಲಿ ಇಲ್ಲದ ಆಸ್ತಿ ಸೇರಿದ್ದರೆ ನೋಂದಣಿ ತಪ್ಪದು. ನೋಂದಣಿಯಾದ ಮೇಲೆ ಖಾತೆ ಅಥವಾ ಪಹಣಿ ತಿದ್ದುಪಡಿ ಮಾಡಿಸಿ, ಹೊಸ ರೇಖೆಯ ಮೇಲೆ ಇಬ್ಬರ ಎದುರೇ ಕಲ್ಲು ನೆಡಿಸಿ.